ಮಸ್ಟಾಂಗ್ ಅಥವಾ ಚಾರ್ಜರ್: ಯಾವುದಕ್ಕೆ ದುಡ್ಡು ಸುರಿಯಬಹುದು?

ಹಳೆಯ ಅಮೆರಿಕನ್ ಕಾರು ಕೊಂಡು ದುರಸ್ತಿ ಮಾಡಹೊರಟವರಿಗೆ ಈ ಮಾತು. 1965–66ರ ಫೋರ್ಡ್ ಮಸ್ಟಾಂಗ್, 1968–69ರ ಡಾಡ್ಜ್ ಚಾರ್ಜರ್ ಎರಡಕ್ಕೂ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ಕೆಟ್ಟ ಎಂಜಿನ್‌ಗಿಂತ ತುಕ್ಕೇ ದುಬಾರಿ.

ಮಸ್ಟಾಂಗ್‌ನ ಮುಂಗಾಜಿನ ಬುಡದಲ್ಲಿರುವ ಗಾಳಿಕಿಂಡಿಗೆ ಒಂದು ಬಕೆಟ್ ನೀರು ಸುರಿಯಿರಿ. ಒಳಗೆ ಕಾಲಿಡುವ ಜಾಗ ಒದ್ದೆಯಾದರೆ ಕಿಂಡಿಯ ಕೆಳಗಿನ ತಗಡು ಕೊಳೆತಿದೆ ಎಂದರ್ಥ. ಅದನ್ನು ಬಿಚ್ಚಲು ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಕೊರೆಯಬೇಕು. ಸಮಾಧಾನವೆಂದರೆ ಫ್ಲೋರ್, ಫೆಂಡರ್ ಎಲ್ಲ ಹೊಸದೇ ಸಿಗುತ್ತವೆ. ವಿಐಎನ್‌ನ (ಕಾರಿನ ಗುರುತಿನ ಸಂಖ್ಯೆಯ) ಐದನೇ ಅಕ್ಷರ 'ಟಿ' ಇದ್ದರೆ ಅದು ಆರು ಸಿಲಿಂಡರ್ ಗಾಡಿ. ಆಮೇಲೆ ವಿ8 (ಎಂಟು ಸಿಲಿಂಡರ್ ಎಂಜಿನ್) ಕೂರಿಸಿದರಾಯ್ತು ಎಂದುಕೊಳ್ಳಬೇಡಿ: ನಾಲ್ಕು ನಟ್ಟಿನ ಚಕ್ರ, ಸ್ಪಿಂಡಲ್, ಬ್ರೇಕ್, ಹಿಂದಿನ ಆಕ್ಸಲ್ ಎಲ್ಲವನ್ನೂ ಬದಲಿಸಬೇಕಾಗುತ್ತದೆ. 289 ಘನ ಇಂಚಿನ ವಿ8 ಎಂಜಿನ್ ಇರುವ, ಐದನೇ ಅಕ್ಷರ 'ಸಿ' ಅಥವಾ 'ಎ' ಆಗಿರುವ ಗಾಡಿಯನ್ನೇ ಹುಡುಕಿ. ಮೊದಲ ಸಲ ಕೈಹಾಕುವವರಿಗೆ ಇದೇ ಸರಿ.

ಚಾರ್ಜರ್‌ಗೆ ವಿನೈಲ್ ಮೇಲ್ಛಾವಣಿಯೇ ಶತ್ರು. ಹಿಂಗಾಜಿನ ಅಂಚಿನಲ್ಲಿ ನೀರು ನಿಂತು ಡಿಕ್ಕಿಯ ತಳವನ್ನು ತಿನ್ನುತ್ತದೆ. ಟಾರ್ಷನ್ ಬಾರ್ (ಮುಂಚಕ್ರಗಳಿಗೆ ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಸರಳು) ಹಿಡಿದಿರುವ ಅಡ್ಡತೊಲೆಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ತೂತು ಬಿದ್ದರೆ ಬಿಟ್ಟುಬಿಡಿ. ಹೆಡ್‌ಲೈಟಿನ ಮುಚ್ಚಳ ತೆರೆಯದಿದ್ದರೆ ಮಾತ್ರ ಗಾಬರಿ ಬೇಡ, ಅದು ಹೆಚ್ಚಾಗಿ ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪಿನ ಕಾಟ. ವಿಐಎನ್ 'ಎಕ್ಸ್‌ಎಸ್29' ಎಂದು ಶುರುವಾದರೆ ಅದು ಅಸಲಿ ಆರ್‌/ಟಿ (ಹೆಚ್ಚು ಶಕ್ತಿಯ ಮಾದರಿ), ಸ್ವಲ್ಪ ತುಕ್ಕಿದ್ದರೂ ತೆಗೆದುಕೊಳ್ಳಬಹುದು. 'ಎಕ್ಸ್‌ಪಿ29' ಅಂದರೆ ಸಾಮಾನ್ಯ ಚಾರ್ಜರ್‌ಗೆ ಆರ್‌/ಟಿ ಬ್ಯಾಡ್ಜ್ ಅಂಟಿಸಿ ಮಾರುವವರೂ ಇದ್ದಾರೆ.