ಹಳೆಯ ಎರಡು ಎಫ್‌ಜೆ ದೋಣಿಗಳು: ಕೊಂಡ ತಂಡದ ಖಜಾಂಚಿಯ ವಿಮರ್ಶೆ

ಅಮೆರಿಕದ ಮಿಡ್‌ವೆಸ್ಟ್ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿದ್ದಾಗ ಅಲ್ಲಿನ ಹಾಯಿದೋಣಿ ತಂಡಕ್ಕೆ ನಾನು ಎರಡು ವರ್ಷ ಖಜಾಂಚಿಯಾಗಿದ್ದೆ. ಆ ಅವಧಿಯಲ್ಲಿ ತಂಡ ಮಾಡಿದ ಅತಿ ದೊಡ್ಡ ಖರೀದಿಯೆಂದರೆ, ಬೇರೊಂದು ಕಾಲೇಜು ಬಳಸಿ ಮಾರಾಟಕ್ಕಿಟ್ಟಿದ್ದ ಎರಡು ಎಫ್‌ಜೆ ದೋಣಿಗಳು. ಎರಡು ಋತು ಅವುಗಳಲ್ಲಿ ಅಭ್ಯಾಸ ಮಾಡಿದ ಮೇಲೆ, ಒಂದು ಒಳ್ಳೆಯ ಖರೀದಿಯಾಯಿತು, ಇನ್ನೊಂದನ್ನು ಕೊಳ್ಳಬಾರದಿತ್ತು ಎಂದು ನಿಸ್ಸಂಕೋಚವಾಗಿ ಹೇಳಬಲ್ಲೆ.

ಎಫ್‌ಜೆ ಎಂದರೆ ಫ್ಲೈಯಿಂಗ್ ಜೂನಿಯರ್. 1960ರಿಂದ 1992ರವರೆಗೆ ಒಲಿಂಪಿಕ್ಸ್‌ನಲ್ಲಿದ್ದ ಫ್ಲೈಯಿಂಗ್ ಡಚ್‌ಮನ್ ಎಂಬ ದೊಡ್ಡ ದೋಣಿಗೆ ಎಳೆಯರನ್ನು ತಯಾರು ಮಾಡಲೆಂದು 1955ರಲ್ಲಿ ನೆದರ್ಲೆಂಡ್ಸ್‌ನಲ್ಲಿ ವಿನ್ಯಾಸಗೊಂಡ ಇದು, ಇಂದು ಅಮೆರಿಕದ ಕಾಲೇಜುಗಳಲ್ಲಿ ಹೆಚ್ಚು ಕಾಣಸಿಗುವ ಎರಡು ದೋಣಿಗಳಲ್ಲಿ ಒಂದು. ಮತ್ತೊಂದು ಕ್ಲಬ್ 420. ಎಫ್‌ಜೆಯ ಉದ್ದ 4.03 ಮೀಟರ್, ಅಗಲ ಒಂದೂವರೆ ಮೀಟರ್. ಚುಕ್ಕಾಣಿ ಹಿಡಿಯುವ ಸ್ಕಿಪ್ಪರ್ ಒಬ್ಬರು, ಮುಂದಿನ ಹಾಯಿ ನೋಡಿಕೊಳ್ಳುವ ಕ್ರೂ ಒಬ್ಬರು, ಒಟ್ಟು ಇಬ್ಬರಿಗಷ್ಟೇ ಜಾಗ. ಕಾಲೇಜು ಸ್ಪರ್ಧೆಗಳಲ್ಲಿ ಸ್ಪಿನೇಕರ್ ಎಂಬ ಬಲೂನಿನಂತಹ ಹಾಯಿಯನ್ನು ಬಳಸುವುದಿಲ್ಲವಾದ್ದರಿಂದ ಹಗ್ಗಗಳ ಗೋಜಲು ಕಡಿಮೆ. ಹೊಸಬರು ಒಂದು ಮಧ್ಯಾಹ್ನದಲ್ಲಿ ಯಾವ ಹಗ್ಗ ಯಾವುದಕ್ಕೆ ಎಂಬುದನ್ನು ಕಲಿತುಬಿಡುತ್ತಾರೆ.

ಇದರ ನಿಜವಾದ ಗುಣ ಕಾಣುವುದು ಮೆಲುಗಾಳಿಯಲ್ಲಿ. ದಿಕ್ಕು ಬದಲಿಸುವಾಗ ಇಬ್ಬರೂ ಒಂದೇ ಕ್ಷಣಕ್ಕೆ ಒಂದು ಬದಿಗೆ ವಾಲಿ, ಹಾಯಿ ಆಚೆಗೆ ಹೊರಳುತ್ತಿದ್ದಂತೆ ಎದುರು ಬದಿಗೆ ಜಿಗಿದು ದೋಣಿಯನ್ನು ನೆಟ್ಟಗೆ ಮಾಡುವ ಕ್ರಮಕ್ಕೆ ರೋಲ್ ಟ್ಯಾಕ್ ಎನ್ನುತ್ತಾರೆ. ಅದು ಸರಿಯಾಗಿ ಕೂಡಿಬಂದರೆ ಎಫ್‌ಜೆ ನೀರಿನ ಮೇಲೆ ಸರ್ರನೆ ಜಾರುತ್ತದೆ. ಅರೆಕ್ಷಣ ತಪ್ಪಿದರೆ ನಿಂತಲ್ಲೇ ನಿಲ್ಲುತ್ತದೆ. ಮೈ ಅಲುಗಾಡಿಸಿ ದೋಣಿಯನ್ನು ಮುಂದಕ್ಕೆ ತಳ್ಳುವುದನ್ನು ಸ್ಪರ್ಧೆಯ 42ನೆಯ ನಿಯಮ ನಿಷೇಧಿಸುತ್ತದೆಯಾದರೂ, ತಿರುವಿನಿಂದ ಮೊದಲಿಗಿಂತ ಹೆಚ್ಚಿನ ವೇಗ ಗಿಟ್ಟದಿರುವಷ್ಟರ ಮಟ್ಟಿಗೆ ಈ ವಾಲಾಟಕ್ಕೆ ಅವಕಾಶವಿದೆ, ಮತ್ತು ಆ ಗೆರೆ ಎಲ್ಲಿದೆ ಎಂಬುದನ್ನು ಈ ದೋಣಿಯಷ್ಟು ಸ್ಪಷ್ಟವಾಗಿ ಇನ್ನಾವುದೂ ನನಗೆ ಕಲಿಸಲಿಲ್ಲ.

ಗಾಳಿ ಜೋರಾದರೆ ಮಾತು ಬೇರೆ. ಮೂತಿ ಸಣ್ಣದಾದ್ದರಿಂದ ಅಲೆ ನೇರವಾಗಿ ಒಳಗೆ ನುಗ್ಗುತ್ತದೆ, ಕ್ರೂ ಮಂಡಿಯುದ್ದ ನೀರಿನಲ್ಲಿ ಕೂತಿರಬೇಕಾಗುತ್ತದೆ. ಸ್ವಲ್ಪ ಹೆಚ್ಚು ತೂಕದ ಇಬ್ಬರು ಸೇರಿದರೆ ದೋಣಿ ಮಂದವಾಗುತ್ತದೆ; ಅಂತಹವರಿಗೆ 420 ವಾಸಿ. ಹಾಯಿಯ ಕೆಳಗಿನ ಅಡ್ಡಮರ ತಲೆಗೆ ಬಡಿಯದೆ ಯಾರ ಮೊದಲ ತಿಂಗಳೂ ಮುಗಿದಿಲ್ಲ. ಮಗುಚಿದರೆ ಮಾತ್ರ ಭಯವಿಲ್ಲ: ಅಂಚುಗಳಲ್ಲಿ ಮುಚ್ಚಿದ ಗಾಳಿಯ ಕೋಣೆಗಳಿರುವುದರಿಂದ ದೋಣಿ ಮುಳುಗುವುದಿಲ್ಲ, ತಳದಿಂದ ನೀರಿಗಿಳಿಯುವ ಸೆಂಟರ್‌ಬೋರ್ಡ್ ಎಂಬ ಹಲಗೆಯ ಮೇಲೆ ನಿಂತು ಜಗ್ಗಿದರೆ ಏಳುತ್ತದೆ. ಆದರೆ ಆ ಕೋಣೆಗಳಿಗೆ ಹೆಬ್ಬೆರಳಿನಷ್ಟು ದಪ್ಪದ ಬಿರಡೆಗಳಿವೆ. ಒಮ್ಮೆ ನಾನೇ ಒಂದನ್ನು ಹಾಕಲು ಮರೆತು ಹೊರಟೆ. ಅರ್ಧ ಗಂಟೆಯಲ್ಲಿ ದೋಣಿ ಒಂದು ಮಗ್ಗುಲಿಗೆ ಎಮ್ಮೆಯಂತೆ ಮಲಗಿತು, ದಡಕ್ಕೆ ಎಳೆತಂದು ನೀರು ಬಸಿಯುವಷ್ಟರಲ್ಲಿ ಅಂದಿನ ಅಭ್ಯಾಸವೇ ಮುಗಿದಿತ್ತು.

ಇನ್ನು ಹಣದ ವಿಷಯ. ಅಮೆರಿಕದ ಕಾಲೇಜು ಕ್ರೀಡೆ ಎಂದೊಡನೆ ನೆನಪಾಗುವ ಎನ್‌ಸಿಎಎ ಎಂಬ ಸಂಸ್ಥೆ ಹಾಯಿದೋಣಿ ಸ್ಪರ್ಧೆಯನ್ನು ನಡೆಸುವುದಿಲ್ಲ. 1930ರಷ್ಟು ಹಿಂದೆ ಶುರುವಾದ, ಈಗ ಏಳು ಪ್ರಾದೇಶಿಕ ವಿಭಾಗಗಳಿರುವ ಐಸಿಎಸ್‌ಎ ಎಂಬ ಪ್ರತ್ಯೇಕ ಸಂಘವೇ ಅದನ್ನು ನಡೆಸುತ್ತದೆ. ವೇತನ ಪಡೆಯುವ ಕೋಚ್‌ಗಳೂ ಸ್ವಂತ ದೋಣಿಕಟ್ಟೆಯೂ ಇರುವ ಶ್ರೀಮಂತ ತಂಡಗಳು, ನಮ್ಮಂತೆ ವಿದ್ಯಾರ್ಥಿಗಳೇ ನಡೆಸುವ ಕ್ಲಬ್‌ಗಳು, ಎರಡೂ ಒಂದೇ ಗೆರೆಯಿಂದ ಸ್ಪರ್ಧೆ ಶುರುಮಾಡುತ್ತವೆ. ನಮ್ಮ ವಿಶ್ವವಿದ್ಯಾಲಯ ಕೊಡುತ್ತಿದ್ದ ಅನುದಾನ ಪ್ರಯಾಣದ ಪೆಟ್ರೋಲಿಗೇ ಸಾಲುತ್ತಿರಲಿಲ್ಲ.

ಆದ್ದರಿಂದ ನಮ್ಮ ಮುಖ್ಯ ಆದಾಯ ಫುಟ್‌ಬಾಲ್ ಕ್ರೀಡಾಂಗಣದ ತಿಂಡಿ ಅಂಗಡಿಯಿಂದ ಬರುತ್ತಿತ್ತು. ಪಂದ್ಯದ ದಿನ ವಿದ್ಯಾರ್ಥಿ ಸಂಘಗಳು ಅಂಗಡಿಯಲ್ಲಿ ನಿಂತು ಮಾರಾಟ ಮಾಡಿದರೆ ವ್ಯಾಪಾರದ ಒಂದು ಪಾಲು ಸಂಘಕ್ಕೆ ಸಲ್ಲುತ್ತದೆ. ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬರೆಯುವುದು, ಅಂಗಿ ಮಾರುವುದು ಇತ್ಯಾದಿಗಳೂ ಇದ್ದವು, ಅವುಗಳಿಂದ ಬಂದದ್ದು ಅಷ್ಟಕ್ಕಷ್ಟೇ. ತೊಡಕೇನೆಂದರೆ ಶರತ್ಕಾಲದ ಫುಟ್‌ಬಾಲ್ ಪಂದ್ಯಗಳೂ ಶನಿವಾರ, ನಮ್ಮ ಸ್ಪರ್ಧೆಗಳೂ ಶನಿವಾರ ಮತ್ತು ಭಾನುವಾರ. ಚೆನ್ನಾಗಿ ದೋಣಿ ನಡೆಸುವ ಆರೆಂಟು ಮಂದಿ ಶುಕ್ರವಾರ ಸಂಜೆಯೇ ವ್ಯಾನ್ ಹತ್ತಿ ಬೇರೆ ಊರಿಗೆ ಹೋದರೆ, ಆಯ್ಕೆಯಾಗದ ಹೊಸಬರು ಬೆಳಗ್ಗೆ ಏಳಕ್ಕೆ ಏಪ್ರನ್ ಕಟ್ಟಿಕೊಂಡು ಬಿಸಿ ಚೀಸ್ ಸುರಿಯುವ ಯಂತ್ರದ ಮುಂದೆ ನಿಲ್ಲಬೇಕಿತ್ತು. ನಾನು ಹೆಚ್ಚಿನ ಶನಿವಾರಗಳನ್ನು ಕಳೆದದ್ದು ಆ ಯಂತ್ರದ ಮುಂದೆಯೇ. ಸಂಜೆ ಕೋಣೆಗೆ ಮರಳಿದಾಗ ತಲೆಗೂದಲಿಗೆ ಕರಿದ ಎಣ್ಣೆಯ ವಾಸನೆ, ಫೋನಿನಲ್ಲಿ ನಮ್ಮ ತಂಡ ಕೊನೆಯಿಂದ ಮೂರನೆಯ ಸ್ಥಾನ ಪಡೆಯಿತೆಂಬ ಸಂದೇಶ.

ದೋಣಿಯ ವಿಮರ್ಶೆಯಲ್ಲಿ ಚೀಸ್ ಯಂತ್ರಕ್ಕೇನು ಕೆಲಸವೆಂದು ಓದುಗರು ಕೇಳಬಹುದು. ಅಂತರಕಾಲೇಜು ಸ್ಪರ್ಧೆಗಳಿಗೆ ಸಾಮಾನ್ಯವಾಗಿ ಯಾರೂ ತಮ್ಮ ದೋಣಿಯನ್ನು ಒಯ್ಯುವುದಿಲ್ಲ. ಆತಿಥೇಯ ಕಾಲೇಜಿನ ದೋಣಿಗಳಲ್ಲೇ ಎಲ್ಲರೂ ಸ್ಪರ್ಧಿಸುತ್ತಾರೆ, ಒಳ್ಳೆಯ ದೋಣಿಯ ಲಾಭವಾಗಲಿ ಕೆಟ್ಟ ದೋಣಿಯ ನಷ್ಟವಾಗಲಿ ಒಬ್ಬರಿಗೇ ಅಂಟಿಕೊಳ್ಳದಂತೆ ಕೆಲವು ಸುತ್ತುಗಳಿಗೊಮ್ಮೆ ಅವುಗಳನ್ನು ಅದಲುಬದಲು ಮಾಡುತ್ತಾರೆ. ಅಂದರೆ ನಾವು ಕೊಂಡ ದೋಣಿ ಯಾವ ಪದಕವನ್ನೂ ಗೆಲ್ಲುವಂತಿರಲಿಲ್ಲ. ಅದು ಊರಲ್ಲೇ ಉಳಿಯುವ ದೋಣಿ, ಊರಲ್ಲೇ ಉಳಿಯುವವರ ದೋಣಿ. ಹಾಗಾಗಿ ಅದರ ಬೆಲೆಯನ್ನು ಅಂಗಡಿಯಲ್ಲಿ ನಿಂತವರ ಲೆಕ್ಕದಲ್ಲೇ ತೂಗಬೇಕು: ವಾರದ ನಾಲ್ಕು ಸಂಜೆ ಅವರಿಗೆ ಚುಕ್ಕಾಣಿ ಸಿಗುತ್ತದೆಯೇ ಇಲ್ಲವೇ?

ಮೊದಲ ದೋಣಿ ಈ ಪರೀಕ್ಷೆಯಲ್ಲಿ ಗೆದ್ದಿತು. ಬಣ್ಣ ಮಾಸಿತ್ತು, ಅಂಚಿನಲ್ಲಿ ಡಿಕ್ಕಿಯ ಗುರುತುಗಳಿದ್ದವು, ಆದರೆ ಒಡಲು ಗಟ್ಟಿಯಾಗಿತ್ತು. ಎರಡು ಋತುಗಳಲ್ಲಿ ಒಂದು ಸಂಜೆಯೂ ಅದು ಕಟ್ಟೆಯಲ್ಲಿ ಕೂರಲಿಲ್ಲ. ಎರಡನೆಯದು ನೋಡಲು ಇದಕ್ಕಿಂತ ಅಂದವಾಗಿತ್ತು, ನಾವು ಮೋಸಹೋದದ್ದೂ ಅಲ್ಲೇ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರಲ್ಲ, ಫೈಬರ್‌ಗ್ಲಾಸ್ ದೋಣಿಯನ್ನೂ ಹಾಗೆಯೇ ನಾಣ್ಯದಿಂದ ತಟ್ಟಿ ನೋಡಬೇಕೆಂದು ನಮಗೆ ತಿಳಿದದ್ದು ಹಣ ಕೊಟ್ಟ ಮೇಲೆ. ಹಾಯಿಕಂಬದ ಬುಡದಿಂದ ಹಿಂದಕ್ಕೆ ತಟ್ಟುತ್ತ ಬಂದರೆ ಮೊದಲು ಠಣ್ ಎನ್ನುತ್ತಿದ್ದ ಸದ್ದು ಒಂದು ಗೇಣಿನಷ್ಟು ಜಾಗದಲ್ಲಿ ಮಂದವಾಯಿತು. ಅಲ್ಲಿ ಹೆಬ್ಬೆರಳಿಟ್ಟು ಒತ್ತಿದರೆ ಮೇಲ್ಪದರ ತಗ್ಗುತ್ತಿತ್ತು. ಸೆಂಟರ್‌ಬೋರ್ಡ್ ಇಳಿಯುವ ಪೆಟ್ಟಿಗೆಯ ಮೂಲೆಯಲ್ಲಿ ಬೇರೆ, ಬಣ್ಣದಡಿ ಮುಚ್ಚಿಟ್ಟ ಕೂದಲೆಳೆಯಂತಹ ಬಿರುಕಿತ್ತು. ಮಾರಿದ ಕಾಲೇಜಿನವರು ಇದ್ದ ಸ್ಥಿತಿಯಲ್ಲೇ ಮಾರಾಟ ಎಂದು ರಸೀದಿಯಲ್ಲಿ ಬರೆದಿದ್ದರಾದ್ದರಿಂದ ಕೇಳುವ ಬಾಯಿ ನಮಗಿರಲಿಲ್ಲ. ಆ ದೋಣಿಯ ದುರಸ್ತಿಗೆ ಇಡೀ ಒಂದು ಚಳಿಗಾಲ, ಜೊತೆಗೆ ಎರಡು ಫುಟ್‌ಬಾಲ್ ಪಂದ್ಯಗಳ ದುಡಿಮೆ ಹೋಯಿತು.

ಬೆಲೆಯಲ್ಲಿ ಕಾಣದ ಖರ್ಚುಗಳನ್ನೂ ಹೇಳಬೇಕು. ಬಳಸಿದ ದೋಣಿಯೊಂದಿಗೆ ಬರುವ ಹಾಯಿಗಳು ಬಹುಮಟ್ಟಿಗೆ ಸವೆದಿರುತ್ತವೆ. ಬಟ್ಟೆ ಕೈಯಲ್ಲಿ ಹಳೆಯ ಪಂಚೆಯಂತೆ ಮೆತ್ತಗಾಗಿದ್ದರೆ ಅದು ಗಾಳಿಯಲ್ಲಿ ಆಕಾರ ಹಿಡಿಯುವುದಿಲ್ಲ. ಸಾಗಿಸಲು ಟ್ರೇಲರ್ ಬೇಕು. ಮಿಡ್‌ವೆಸ್ಟ್‌ನ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುವುದರಿಂದ ವಸಂತದ ಋತು ತಡವಾಗಿ ಆರಂಭವಾಗುತ್ತದೆ, ಆಗಲೂ ನೀರು ಕೊರೆಯುತ್ತಿರುತ್ತದೆ. ಮೈಗೆ ನೀರು ತಾಗದಂತೆ ಮುಚ್ಚುವ ಡ್ರೈಸೂಟ್ ಎಂಬ ಉಡುಪು ಇಲ್ಲದವರನ್ನು ನಾವು ದೋಣಿ ಹತ್ತಲು ಬಿಡುತ್ತಿರಲಿಲ್ಲ. ಮತ್ತೊಮ್ಮೆ ಖಜಾಂಚಿಯಾದರೆ ಎರಡನೆಯ ದೋಣಿಯ ಹಣದಲ್ಲಿ ಮೊದಲನೆಯದಕ್ಕೆ ಹೊಸ ಹಾಯಿಗಳನ್ನೂ ಎಲ್ಲರೂ ಹಂಚಿಕೊಳ್ಳುವಂತಹ ನಾಲ್ಕು ಡ್ರೈಸೂಟುಗಳನ್ನೂ ಕೊಳ್ಳುತ್ತಿದ್ದೆ.

ಬೆಂಗಳೂರಿನಲ್ಲಿ ಹಲಸೂರು ಕೆರೆಯ ಮೇಲೆ ಸೇನೆಯ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ದಳದವರ ತೃಷ್ಣಾ ಕ್ಲಬ್ಬಿನ ಬಿಳಿ ಹಾಯಿಗಳನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡಿದ್ದವನು ನಾನು. ಚುಕ್ಕಾಣಿಗೆ ಮೊದಲು ಕೈಯಿಟ್ಟದ್ದು ಇದೇ ಮಾಸಿದ ಎಫ್‌ಜೆಯಲ್ಲಾದ್ದರಿಂದ ನನ್ನ ಅಭಿಪ್ರಾಯದಲ್ಲಿ ಸ್ವಲ್ಪ ಪಕ್ಷಪಾತವಿದ್ದೀತು. ಆದರೂ ಕಡಿಮೆ ಹಣದ, ಹೊಸಬರೇ ಹೆಚ್ಚಿರುವ ತಂಡಕ್ಕೆ ಗಟ್ಟಿ ಒಡಲಿನ ಹಳೆಯ ಎಫ್‌ಜೆಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಗಾಳಿ ಸದಾ ಬಿರುಸಾಗಿರುವ ತೀರದವರು 420 ನೋಡುವುದು ಒಳಿತು. ನೋಡಲು ಹೋಗುವಾಗ ಜೇಬಿನಲ್ಲಿ ಒಂದು ನಾಣ್ಯವಿರಲಿ, ಮಾರುವವರು ಮುಜುಗರಪಟ್ಟರೂ ಒಡಲನ್ನು ಪೂರ್ತಿ ತಟ್ಟಿಯೇ ಬನ್ನಿ. ಬಿರಡೆಗಳನ್ನು ಎಣಿಸಿ ತನ್ನಿ; ನಮಗೆ ಒಂದು ಕಡಿಮೆ ಕೊಟ್ಟಿದ್ದರು.