ಹಳೇ ಕಾರಿನ ಲೆದರ್ ಸ್ಟೀರಿಂಗ್‌ಗೆ ಸ್ಪ್ರೇ ಹೊಡೆಸಬೇಡಿ

ಹುಬ್ಬಳ್ಳಿ-ಧಾರವಾಡ ಕಡೆ ಹಳೇ ಕಾರು ಇಟ್ಟುಕೊಂಡವರು, ಅದರಲ್ಲೂ ಲೆದರ್ ಸುತ್ತಿದ ಸ್ಟೀರಿಂಗ್ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಸವೆದ ಸ್ಟೀರಿಂಗ್ ಹೊಸದು ಮಾಡಿಕೊಡ್ತೀವಿ ಅಂತ ಯಾರಾದರೂ ಬಣ್ಣ ಕರಗಿಸುವ ಥಿನ್ನರ್ ಡಬ್ಬಿ ಕೈಗೆ ತೆಗೆದುಕೊಂಡರೆ ಅಲ್ಲಿಗೇ ತಡೆಯಿರಿ. ನನ್ನ ಗಾಡಿಯ ಸ್ಟೀರಿಂಗ್ ಹಾಳಾಯಿತು ಅನ್ನೋದು ಸಣ್ಣ ಮಾತು. ಘಟ್ಟದ ತಿರುವಿನಲ್ಲಿ ಕೈ ಜಾರಿ, ಮನೆಮಂದಿಯೆಲ್ಲ ಕೂತಿದ್ದ ಗಾಡಿ ಎದುರು ಲಾರಿಯ ಕಡೆ ಹೋಗಿತ್ತು.

ನನ್ನದು 2012ರ ಸೆಡಾನ್, ಆಗಿನ ಟಾಪ್ ಮಾಡೆಲ್. ಸ್ಟೀರಿಂಗ್‌ಗೆ ಕಂಪನಿಯವರೇ ಕಪ್ಪು ಲೆದರ್ ಸುತ್ತಿದ್ದರು. ನಮ್ಮಲ್ಲಿ ಎಡಗೈ ಗೇರಿಗೆ ಹೋಗುತ್ತಿರುತ್ತದೆ, ಬಲಗೈ ಮಾತ್ರ ಚಕ್ರ ಬಿಡುವುದಿಲ್ಲ. ಹಾಗಾಗಿ ಬಲಭಾಗದ ಮೇಲ್ಗಡೆ ಸವೆದು ಒಳಗಿನ ಕಂದು ಚರ್ಮ ಕಾಣುತ್ತಿತ್ತು. ಉಂಗುರ ತಾಗುವ ಜಾಗದಲ್ಲಿ ಸಣ್ಣ ಗೀರು. ಕೊರೊನಾ ಕಾಲದಲ್ಲಿ ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲೇ ಎಲ್ಲರೂ ಗಾಡಿ ಓಡಿಸಿದೆವಲ್ಲ, ಅದರಲ್ಲಿರುವ ಆಲ್ಕೋಹಾಲ್ ಕೂಡ ಲೆದರ್ ಮೇಲಿನ ಲೇಪವನ್ನು ತಿಂದಿತ್ತು.

ಊರಿನ ಒಂದು ಆಕ್ಸೆಸರೀಸ್ ಅಂಗಡಿಯಲ್ಲಿ ಕೇಳಿದೆ. ನಾನು ಹೇಳಿದ್ದು ಇಷ್ಟು: ಚೆನ್ನಾಗಿ ಒರೆಸಿ, ಸವೆದಲ್ಲಿ ಮಾತ್ರ ಲೆದರ್ ಬಣ್ಣ ಹಚ್ಚಿ, ಹೊಳಪು ಬೇಡ. "ಅದನ್ನ ಮಾಡೂದ್ರಿ ಸರ, ಲೆದರ್ ಪೇಂಟ್ ಐತಿ ನಮ್ಮ ಕಡೆ. ಒಂದ್ ತಾಸ್ ಬಿಟ್ಟ್ ಬರ್ರಿ, ಶೋರೂಮಿಂದ ತಂದಂಗ ಕಾಣ್ತೈತಿ" ಅಂದರು ಮಾಲೀಕರು. ನಾನು ಎಲ್ಲೂ ಹೋಗದೆ ಅಲ್ಲೇ ಕೂತೆ.

ಹುಡುಗ ಹಳೇ ಬನಿಯನ್ ಬಟ್ಟೆಯನ್ನು ಥಿನ್ನರ್‌ನಲ್ಲಿ ಅದ್ದಿ ಗಸಗಸ ತಿಕ್ಕತೊಡಗಿದ. ಬಟ್ಟೆ ಕಪ್ಪಾಯಿತು. "ನೋಡ್ರಿ, ಎಷ್ಟ್ ಹೊಲಸ್ ಕುಂತಿತ್ತು" ಅಂತ ಮಾಲೀಕರು ಅದನ್ನು ಎತ್ತಿ ತೋರಿಸಿದರು. ಅದು ಹೊಲಸಲ್ಲ, ಕಂಪನಿ ಹಚ್ಚಿದ ಬಣ್ಣ. ನಾನು ಎದ್ದು ಹೋಗಿ ನಿಲ್ಲಿಸುವಷ್ಟರಲ್ಲಿ ಅರ್ಧ ಚಕ್ರ ಬೋಳಾಗಿ ಚರ್ಮ ಬಿಳಿಚಿಕೊಂಡಿತ್ತು. "ಈಗ ಹಂಗ ಬಿಡಾಕ ಬರೂದಿಲ್ಲ, ಬಣ್ಣ ಹೊಡೀಲೇಬೇಕ್ರಿ" ಅಂದರು. ಒರಟು ಪಾಲಿಶ್ ಪೇಪರ್ ಉಜ್ಜಿ, ಸುತ್ತ ಪೇಪರ್ ಅಂಟಿಸಿ, ಬಂಪರ್ ಗೀರು ಮುಚ್ಚಲು ಬಳಸುವ ಕಪ್ಪು ಸ್ಪ್ರೇ ಹೊಡೆದು, ಮೇಲೆ ಹೊಳೆಯುವ ಲ್ಯಾಕರ್ ಎಳೆದರು. ಎರಡು ಸಾವಿರದ ಹತ್ತಿರ ಬಿಲ್ಲು.

ಇಲ್ಲಿ ಏನು ಕೆಡುತ್ತದೆ ಅಂತ ಗೊತ್ತಿರಬೇಕು. ಕಾರಿನ ಲೆದರ್ ಅಂದರೆ ಬರೀ ಚರ್ಮವಲ್ಲ. ಹದ ಮಾಡಿದ ಚರ್ಮದ ಮೇಲೆ ಬಣ್ಣದ ತೆಳು ಪದರ, ಅದರ ಮೇಲೆ ಬಾಗಿದರೂ ಬಿರಿಯದ ಪಾಲಿಯುರಥೇನ್ ಲೇಪ ಇರುತ್ತದೆ. ನಾವು ದಿನಾ ಮುಟ್ಟುವುದು ಆ ಲೇಪವನ್ನೇ. ಥಿನ್ನರ್ ಅದನ್ನು ಕರಗಿಸುತ್ತದೆ, ಚರ್ಮದೊಳಗಿನ ಎಣ್ಣೆಯಂಶವನ್ನೂ ಎಳೆದುಬಿಡುತ್ತದೆ. ಚರ್ಮ ಒಣಗಿ ಬಿರುಸಾಗುತ್ತದೆ. ತಗಡು, ಪ್ಲಾಸ್ಟಿಕ್‌ಗೆ ಅಂತ ಮಾಡಿದ ಸ್ಪ್ರೇಗೆ ಬಾಗುವ ಗುಣವಿಲ್ಲ. ಅಂಥ ಚರ್ಮದ ಮೇಲೆ ಅದು ನಿಲ್ಲುವುದಾದರೂ ಹೇಗೆ?

ನಿಲ್ಲಲಿಲ್ಲ. ಏಪ್ರಿಲ್ ಬಿಸಿಲು ಏರಿದ ಮೇಲೆ ಚಕ್ರ ಜಿಗುಟಾಯಿತು. ನಮ್ಮ ಕಡೆ ಹೊರಗೆ 38 ಡಿಗ್ರಿ ಇದ್ದರೆ, ನೆರಳಿಲ್ಲದೆ ನಿಲ್ಲಿಸಿದ ಕಾರಿನ ಸ್ಟೀರಿಂಗ್ 50 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಬೆರಳಿನ ಗುರುತು ಬಣ್ಣದಲ್ಲಿ ಅಚ್ಚೊತ್ತಿದ ಹಾಗೆ ಉಳಿಯುತ್ತಿತ್ತು. ಅಂಗೈ ಕಪ್ಪು, ಅಂಗಿಯ ತೋಳು ಕಪ್ಪು. ಸಂಜೆ ತಣ್ಣಗಾದರೆ ಅದೇ ಚಕ್ರ ಗಾಜಿನಷ್ಟು ನುಣುಪು. ಹೊಲಿಗೆಯ ಪಕ್ಕದಲ್ಲಿ ಸಣ್ಣ ಚಕ್ಕೆ ಏಳತೊಡಗಿತು. ಉಗುರಿನಿಂದ ಮುಟ್ಟಿದರೆ ಹಾಳೆ ಹಾಳೆಯಾಗಿ ಬರುತ್ತಿತ್ತು, ಅಡಿಯಲ್ಲಿ ಚರ್ಮ ಬಿರುಕು ಬಿಟ್ಟಿತ್ತು.

ಅದೇ ದಿನಗಳಲ್ಲಿ ಅಂಕೋಲಾದಲ್ಲಿ ನೆಂಟರ ಮದುವೆ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುತ್ತಿದ್ದೆವು. ಆ ದಾರಿ ಬಲ್ಲವರಿಗೆ ಲಾರಿಗಳ ಸಾಲು ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಕರಾವಳಿ ಹತ್ತಿರ ಬಂದಂತೆ ಸೆಕೆ, ಅಂಗೈ ತುಂಬ ಬೆವರು. ಒಂದು ಕಡಿದಾದ ತಿರುವಿನಲ್ಲಿ ಚಕ್ರ ಎಳೆದರೆ ಕೈ ಮಾತ್ರ ಸರಿಯಿತು, ಚಕ್ರ ತಿರುಗಲಿಲ್ಲ. ಗಾಡಿ ನೇರ ಆಚೆ ಬದಿಗೆ ಹೋಯಿತು. ಕೆಳಗಿನಿಂದ ಬರುತ್ತಿದ್ದ ಲಾರಿಯವನು ಅಲ್ಲೇ ಬ್ರೇಕ್ ಒತ್ತಿ ನಿಂತ, ಅದರಿಂದ ಉಳಿದೆವು. ಹಿಂದೆ ಕೂತಿದ್ದ ಅವ್ವ ಅಂಕೋಲಾ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ಉಳಿದ ದಾರಿಯನ್ನು ಚಕ್ರಕ್ಕೆ ಕರವಸ್ತ್ರ ಬಿಗಿದು ಕಟ್ಟಿ ಮುಗಿಸಿದೆ.

ವಾಪಸ್ ಬಂದು ಅಂಗಡಿಗೆ ಹೋದರೆ, "ಬಿಸಲಿಗೆ ಹಂಗ ಆಗೂದ್ರಿ, ಮ್ಯಾಲೊಂದ್ ಕವರ್ ಏರಿಸ್ರಿ" ಅನ್ನುವ ಉತ್ತರ. ಎಳೆದು ಹಾಕುವ ಸಡಿಲ ಕವರ್ ತಾನೇ ಚಕ್ರದ ಮೇಲೆ ತಿರುಗುತ್ತದೆ, ನುಣುಪು ಬಣ್ಣದ ಮೇಲಂತೂ ಕೇಳುವುದೇ ಬೇಡ. ನಾನು ಒಪ್ಪದಿದ್ದಾಗ, "ಹಂಗಾರ ಸ್ಟೀರಿಂಗ್ ಬಿಚ್ಚಿ ಹೊಸಾ ಲೆದರ್ ಹೊಲಿಸಿಕೊಡ್ತೀನಿ" ಅಂತ ಹುಡುಗನ ಕೈಗೆ ಪಾನ (ಸ್ಪ್ಯಾನರ್) ಕೊಟ್ಟರು. ಅವನು ಬಾನೆಟ್ ಎತ್ತಲಿಲ್ಲ, ಬ್ಯಾಟರಿ ಮುಟ್ಟಲಿಲ್ಲ, ಸೀದಾ ಹಾರ್ನ್ ಪ್ಯಾಡ್ ಸಂದಿಗೆ ಸ್ಕ್ರೂಡ್ರೈವರ್ ತೂರಿಸಲು ಹೋದ. ಅವನ ಮುಖ ಚಕ್ರಕ್ಕೆ ಒಂದು ಗೇಣು ದೂರದಲ್ಲಿತ್ತು. ಅವನ ಕೈ ಹಿಡಿದು ಹೊರಗೆ ಎಳೆದೆ.

ಬಣ್ಣದ ವಿಚಾರಕ್ಕಿಂತ ನನಗೆ ಹೆಚ್ಚು ಭಯವಾಗಿದ್ದು ಇದು. ಅಪಘಾತವಾದಾಗ ಉಬ್ಬಿ ಡ್ರೈವರನ್ನು ಕಾಯುವ ಏರ್‌ಬ್ಯಾಗ್ ಇರುವುದು ಆ ಹಾರ್ನ್ ಪ್ಯಾಡ್ ಒಳಗೇ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅದಕ್ಕೇ ಹಳೇ ಗಾಡಿ ಅಂದರೆ ಏರ್‌ಬ್ಯಾಗ್ ಇರುವುದಿಲ್ಲ ಅಂತ ಕೆಲಸದವರು ಅಂದುಕೊಂಡುಬಿಡುತ್ತಾರೆ. ಆದರೆ ಅದಕ್ಕೂ ಮುಂಚೆ ಏರ್‌ಬ್ಯಾಗ್ ಬರುತ್ತಿದ್ದದ್ದು ಮೇಲಿನ ಮಾಡೆಲ್‌ಗಳಲ್ಲಿ, ಲೆದರ್ ಸ್ಟೀರಿಂಗ್ ಬರುತ್ತಿದ್ದದ್ದೂ ಹೆಚ್ಚಾಗಿ ಅವುಗಳಲ್ಲೇ. ಚಕ್ರದ ನಡುವೆ ಎಸ್‌ಆರ್‌ಎಸ್ (SRS, ಏರ್‌ಬ್ಯಾಗ್ ಇದೆ ಅನ್ನುವ ಗುರುತು) ಅಂತ ಅಕ್ಷರ ಇದ್ದರೆ ಒಳಗೆ ಸಿಡಿಯುವ ವಸ್ತು ಇದೆ ಅಂತಲೇ ಅರ್ಥ. ಅದು ಸಿಡಿದರೆ ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಬೇಗ ಏರ್‌ಬ್ಯಾಗ್ ಉಬ್ಬುತ್ತದೆ. ಬಿಚ್ಚುವ ಮುಂಚೆ ಕೀ ಆಫ್ ಮಾಡಿ, ಬ್ಯಾಟರಿಯ ಮೈನಸ್ ತಂತಿ ತೆಗೆದು, ಆ ಗಾಡಿಯ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಬೇಕು. ಅಪಘಾತದಲ್ಲಿ ಬ್ಯಾಟರಿ ಸಂಪರ್ಕ ತುಂಡಾದರೂ ಏರ್‌ಬ್ಯಾಗ್ ಕೆಲಸ ಮಾಡಲಿ ಅಂತ ಸ್ವಲ್ಪ ಕರೆಂಟು ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ, ಅದು ಇಳಿಯಲಿ ಅಂತ ಈ ಕಾಯುವಿಕೆ. ತೆಗೆದ ಏರ್‌ಬ್ಯಾಗನ್ನು, ಡ್ರೈವರ್ ಕಡೆಗಿದ್ದ ಅದರ ಮುಖ ಮೇಲೆ ಮಾಡಿಯೇ ಇಡಬೇಕು.

ಗದಗಿನಲ್ಲಿರುವ ನನ್ನ ಸೋದರಮಾವನ ಮಗನ ಗಾಡಿಗೂ ಹೀಗೇ ರಸ್ತೆಬದಿಯಲ್ಲಿ ಲೆದರ್ ಸುತ್ತಿಸಿದ್ದರು. ಹೊಲಿಗೆ ಚೆಂದ ಬಂದಿತ್ತು, ಆದರೆ ಹಾರ್ನ್ ಸತ್ತಿತ್ತು, ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಆರುತ್ತಿರಲಿಲ್ಲ. ಚಕ್ರದ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ ಸುರುಳಿ ಸುತ್ತಿದ ಚಪ್ಪಟೆ ಕೇಬಲ್ ಇರುತ್ತದೆ, ಹಾರ್ನ್‌ಗೂ ಏರ್‌ಬ್ಯಾಗ್‌ಗೂ ಸಂಪರ್ಕ ಅದರ ಮೂಲಕವೇ. ಚಕ್ರ ಬಿಚ್ಚಿದಾಗ ಅದನ್ನು ಮನಸ್ಸಿಗೆ ಬಂದ ಹಾಗೆ ತಿರುಗಿಸಿ ಕೂರಿಸಿದರೆ ಆಮೇಲೆ ಒಂದು ಪೂರ್ತಿ ತಿರುವಿಗೆ ಹರಿದುಹೋಗುತ್ತದೆ. ಆ ದೀಪ ಉರಿಯುತ್ತಿರುವ ಗಾಡಿಯಲ್ಲಿ, ಬೇಕಾದ ಹೊತ್ತಿಗೆ ಏರ್‌ಬ್ಯಾಗ್ ತೆರೆಯುತ್ತದೆ ಅನ್ನುವ ಭರವಸೆ ಇಲ್ಲ.

ಸರಿಯಾದ ಕೆಲಸ ಹೇಗಿರುತ್ತದೆ ಅಂದರೆ, ಮೊದಲು ಲೆದರ್ ಕ್ಲೀನರ್ ಮತ್ತು ಮೆತ್ತನೆ ಬ್ರಷ್. ಎಷ್ಟೋ ಸಲ ನಾವು ಸವೆತ ಅಂದುಕೊಳ್ಳುವ ಆ ಮಿನುಗು ಬರೀ ಜಿಡ್ಡು, ಅಷ್ಟಕ್ಕೇ ಹೋಗಿ ಮಾಸಲು ಕಪ್ಪು ಮರಳುತ್ತದೆ. ನಿಜವಾಗಿ ಬಣ್ಣ ಹೋಗಿದ್ದರೆ ನಯವಾದ ಪೇಪರಿನಿಂದ ಹಗುರಾಗಿ ಉಜ್ಜಿ, ಲೆದರ್‌ಗೆಂದೇ ಬರುವ ನೀರಿನ ಬಣ್ಣವನ್ನು ಸ್ಪಂಜಿನಲ್ಲಿ ತೆಳ್ಳಗೆ ಪದರ ಪದರವಾಗಿ ಹಚ್ಚಿ, ಪ್ರತಿ ಪದರ ಒಣಗಿಸಿ, ಕೊನೆಗೆ ಹೊಳಪಿಲ್ಲದ ಲೇಪ ಕೊಡಬೇಕು. ಒಂದು ತಾಸಿನಲ್ಲಿ ಇದು ಮುಗಿಯುವುದಿಲ್ಲ, ಆಮೇಲೂ ಒಂದು ದಿನವಾದರೂ ಗಾಡಿ ಓಡಿಸಬಾರದು. ಬೂಟ್ ಪಾಲಿಶ್, ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶ್ ಎರಡೂ ಸ್ಟೀರಿಂಗ್ ಹತ್ತಿರ ಬರಬಾರದು. ಇನ್ನು, ನಿಮ್ಮ ಚಕ್ರದಲ್ಲಿ ಹೊಲಿಗೆಯೇ ಇಲ್ಲದಿದ್ದರೆ ಅದು ಬಹುತೇಕ ಲೆದರ್ ಅಲ್ಲ, ಅಚ್ಚು ಹೊಯ್ದ ಫೋಮ್. ಅದಕ್ಕೆ ಈ ಬಣ್ಣವೂ ನಿಲ್ಲುವುದಿಲ್ಲ.

ನನ್ನ ಚಕ್ರದ ಚರ್ಮ ಉಳಿಯುವ ಹಾಗಿರಲಿಲ್ಲ. ಸರ್ವಿಸ್ ಸೆಂಟರಿನಲ್ಲಿ ಚಕ್ರ ಬಿಚ್ಚಿಸಿ, ಅದೊಂದನ್ನೇ ಧಾರವಾಡದ ಹಿರಿಯ ಕುಶನ್ ಕೆಲಸದವರೊಬ್ಬರಿಗೆ ಕೊಟ್ಟೆ. ಅವರು ಹಳೇ ಚರ್ಮವನ್ನು ಹೊಲಿಗೆ ಬಿಡಿಸಿ ತೆಗೆದು, ಅದನ್ನೇ ಅಳತೆಯಾಗಿಟ್ಟು ಹೊಸದು ಕತ್ತರಿಸಿ, ಮೇಣದ ದಾರದಲ್ಲಿ ಕೈಯಿಂದ ಹೊಲಿದರು. ಖರ್ಚು ಆ ಸ್ಪ್ರೇ ಕೆಲಸದ ಎರಡು ಪಟ್ಟಿಗಿಂತ ಹೆಚ್ಚಾಯಿತು.

ಯಾರೇ ನಿಮ್ಮ ಸ್ಟೀರಿಂಗ್ ಬಿಚ್ಚಿ ಜೋಡಿಸಿದರೂ, ದುಡ್ಡು ಕೊಡುವ ಮುಂಚೆ ಕೀ ತಿರುಗಿಸಿ ಮೀಟರ್ ನೋಡಿ. ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ, ಅಥವಾ ಹತ್ತುವುದೇ ಇಲ್ಲವಾದರೆ, ಗಾಡಿಯನ್ನು ಅಂಗಡಿಯಿಂದ ಹೊರಗೆ ತೆಗೆಯಬೇಡಿ. ಚಕ್ರವನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸುತ್ತ ಹಾರ್ನ್ ಒತ್ತಿ ನೋಡಿ, ಎಲ್ಲೂ ಸದ್ದು ನಿಲ್ಲಬಾರದು.