ಬೀದರಿನ ಯೌವನಸ್ಥರ ಶಿಬಿರ: ಮೂರನೆಯ ದಿನದ ಒಂದು ಗಂಟೆಗಾಗಿ ಹೋಗಬಹುದು

ಕಳೆದ ಜನವರಿಯಲ್ಲಿ ಬೀದರ್ ನಗರದ ಹೊರವಲಯದಲ್ಲಿ ನಡೆದ ಮೂರು ದಿನಗಳ ಯೌವನಸ್ಥರ ಶಿಬಿರಕ್ಕೆ ಶಹಾಪುರ ತಾಲ್ಲೂಕಿನ ನಮ್ಮ ಸಣ್ಣ ಸಭೆಯಿಂದ ನಾನೊಬ್ಬಳೇ ಹೋಗಿದ್ದೆ. ಶುಲ್ಕ 700 ರೂಪಾಯಿ. ಊಟ, ವಸತಿ ಮತ್ತು ಗುರಿಗಳನ್ನು ಬರೆದುಕೊಳ್ಳುವ ಒಂದು ನೋಟ್‌ಬುಕ್ ಅದರಲ್ಲಿ ಸೇರಿದ್ದವು. ಕರಪತ್ರದಲ್ಲಿ ಎರಡು ವಿಷಯಗಳನ್ನು ಹೇಳಿದ್ದರು: ಹೊಸ ವರ್ಷಕ್ಕೆ ಆತ್ಮಿಕ ಗುರಿಗಳನ್ನು ಇಟ್ಟುಕೊಳ್ಳುವುದು, ಮತ್ತು ಹುಟ್ಟಲಿರುವ ಶಿಶುವಿನ ಜೀವದ ಪರವಾಗಿ ಕ್ರೈಸ್ತ ಮತದಾರರ ಹೊಣೆ. ನನ್ನನ್ನು ಎಳೆದದ್ದು ಎರಡನೆಯದು. 2023ರ ವಿಧಾನಸಭಾ ಚುನಾವಣೆಯಲ್ಲಿ ನಾನು ಮೊದಲ ಬಾರಿ ಮತ ಹಾಕಿದಾಗ ಊರಿನ ರಸ್ತೆ ಮತ್ತು ಕುಡಿಯುವ ನೀರಿನ ಬಗ್ಗೆ ಅಭ್ಯರ್ಥಿಗಳನ್ನು ಕೇಳಿದ್ದೆನೇ ಹೊರತು, ನಾನು ಪ್ರತಿದಿನ ಪ್ರಾರ್ಥಿಸುವ ಈ ವಿಷಯದಲ್ಲಿ ಯಾರನ್ನು ಏನು ಕೇಳಬೇಕೆಂಬುದೇ ನನಗೆ ತಿಳಿದಿರಲಿಲ್ಲ.

ವಸತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹುಡುಗಿಯರಿಗೆ ಶಾಲೆಯ ಎರಡು ಕೋಣೆಗಳನ್ನು ಕೊಟ್ಟಿದ್ದರು. ನೀರಿಗೆ ತೊಂದರೆಯಾಗಲಿಲ್ಲ, ಆದರೆ ಚಳಿ ಬಹಳವಿತ್ತು. ಜೋಳದ ರೊಟ್ಟಿ, ತೊಗರಿಬೇಳೆ ಪಲ್ಯ, ಶೇಂಗಾ ಹಿಂಡಿಯ ಊಟ ಮನೆಯ ಊಟದಂತೆಯೇ ಇತ್ತು. ಮೆಥೋಡಿಸ್ಟ್ ಸಭೆಗಳವರೂ 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಕಥೋಲಿಕ ಧರ್ಮಪ್ರಾಂತ್ಯದ ಹುಡುಗ ಹುಡುಗಿಯರೂ ಒಂದೇ ಸಾಲಿನಲ್ಲಿ ಕುಳಿತು ಉಂಡದ್ದು, ನಮ್ಮ ಜಿಲ್ಲೆಗಳಲ್ಲಿ ಅಪರೂಪವಾದುದರಿಂದ, ನನಗೆ ಬಹಳ ಸಂತೋಷ ಕೊಟ್ಟಿತು.

ನೋಟ್‌ಬುಕ್ ಒಳ್ಳೆಯದಾಗಿದೆ, ಆದರೆ ಅದನ್ನು ಸಿದ್ಧಪಡಿಸಿದವರು ನಗರದ ಕಾಲೇಜು ವಿದ್ಯಾರ್ಥಿಗಳನ್ನಷ್ಟೇ ಮನಸ್ಸಿನಲ್ಲಿ ಇಟ್ಟುಕೊಂಡಂತೆ ಕಾಣುತ್ತದೆ. ಸತ್ಯವೇದದ 1,189 ಅಧ್ಯಾಯಗಳನ್ನು ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರು ನಾಲ್ಕು ಅಧ್ಯಾಯಗಳ ಪಟ್ಟಿಯನ್ನು ಕೊಟ್ಟಿದ್ದಾರೆ. ಜನವರಿಯಲ್ಲಿ ತೊಗರಿ ರಾಶಿಗೆ ನಸುಕಿನಲ್ಲೇ ಹೊಲಕ್ಕೆ ಹೋಗುವ ನಮ್ಮ ಸಭೆಯ ಹುಡುಗರಿಗೆ ಬೆಳಗಿನ ಒಂದು ಗಂಟೆಯ ಧ್ಯಾನ ಆಗದ ಮಾತು, ಅಂಥವರಿಗೆ ಬೇರೆ ವೇಳೆಯ ಸೂಚನೆ ಎಲ್ಲಿಯೂ ಇಲ್ಲ. ಹಾಗಿದ್ದರೂ ಪ್ರತಿಯೊಂದು ಗುರಿಯ ಕೆಳಗೆ "ಇದರ ಬಗ್ಗೆ ನನ್ನನ್ನು ಯಾರು ವಿಚಾರಿಸುತ್ತಾರೆ?" ಎಂಬ ಒಂದು ಸಾಲನ್ನು ಖಾಲಿ ಬಿಟ್ಟಿರುವುದು ನನಗೆ ಬಹಳ ಹಿಡಿಸಿತು. ಶುಕ್ರವಾರದ ಉಪವಾಸ ಎಂದು ಬರೆದು ಅಲ್ಲಿ ನಮ್ಮ ಅಜ್ಜಿಯ ಹೆಸರನ್ನು ಹಾಕಿದ್ದೇನೆ; ಅಜ್ಜಿ ಒಂದು ವಾರವೂ ವಿಚಾರಿಸದೆ ಬಿಟ್ಟಿಲ್ಲ. ಭಾನುವಾರದ ಶಾಲೆಯಲ್ಲಿ ಐದು ಮಕ್ಕಳಿಗೆ ಓದಲು ಕಲಿಸುವುದು, ಎರಡು ವರ್ಷದಿಂದ ಮಾತು ಬಿಟ್ಟಿರುವ ಅಣ್ಣನ ಮನೆಗೆ ಈಸ್ಟರ್‌ಗೆ ಮೊದಲು ಹೋಗಿ ಬರುವುದು ನನ್ನ ಇನ್ನೆರಡು ಗುರಿಗಳು. "ಸಮಾಜ" ಎಂಬ ಕೊನೆಯ ಪುಟವನ್ನು ಮಾತ್ರ ಎರಡು ದಿನ ಖಾಲಿ ಬಿಟ್ಟಿದ್ದೆ.

ಎರಡನೆಯ ದಿನದ ಮುಖ್ಯ ಉಪನ್ಯಾಸವೇ ಈ ಶಿಬಿರದ ದೊಡ್ಡ ಕೊರತೆ. ಹೊರಗಿನಿಂದ ಬಂದಿದ್ದ ಭಾಷಣಕಾರರು ತಾಯಿಯ ಗರ್ಭದಲ್ಲಿ ದೇವರು ನಮ್ಮನ್ನು ನೇಯ್ದನೆಂಬ 139ನೆಯ ಕೀರ್ತನೆಯಿಂದ ಆರಂಭಿಸಿ, ಮರಿಯಳ ವಂದನೆಯನ್ನು ಕೇಳಿದಾಗ ಎಲಿಸಬೇತಳ ಗರ್ಭದಲ್ಲಿದ್ದ ಕೂಸು ನಲಿದಾಡಿದ ಲೂಕನ ವೃತ್ತಾಂತಕ್ಕೆ ಬಂದಾಗ ಸಭಾಂಗಣವೆಲ್ಲ ನಿಶ್ಶಬ್ದವಾಗಿತ್ತು. ಆದರೆ ಅಲ್ಲಿಂದ ಅವರು ನೇರವಾಗಿ ಅಮೆರಿಕಕ್ಕೆ ಹೋದರು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಸಂವಿಧಾನದ ಹಕ್ಕೆಂದು ಸಾರಿದ್ದು, 2022ರ ಜೂನ್‌ನಲ್ಲಿ ಅದೇ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿ ವಿಷಯವನ್ನು ರಾಜ್ಯಗಳಿಗೆ ಬಿಟ್ಟದ್ದು, ಇವುಗಳಲ್ಲೇ ಒಂದೂವರೆ ಗಂಟೆ ಕಳೆಯಿತು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಯಾದಗಿರಿಯ ಮತದಾರಳು ಆ ದೇಶದ ಯಾವ ಪೆಟ್ಟಿಗೆಗೂ ಮತ ಹಾಕಲಾರಳು. ನಮ್ಮ ಕಾನೂನು ಯಾವುದೆಂದು ನಾನು ಎದ್ದು ಕೇಳಿದಾಗ ವೇಳೆ ಮುಗಿಯಿತೆಂದರು.

ಅವರು ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ. ನಮ್ಮಲ್ಲಿ ಗರ್ಭಪಾತದ ಬಗ್ಗೆ 1971ರ ಕೇಂದ್ರ ಕಾಯ್ದೆಯೊಂದಿದೆ. 2021ರಲ್ಲಿ ಸಂಸತ್ತು ಅದನ್ನು ತಿದ್ದಿದ ಮೇಲೆ ಕಾಯ್ದೆಯಲ್ಲಿ ಹೇಳಿದ ಕಾರಣಗಳಿದ್ದರೆ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ, ಅತ್ಯಾಚಾರಕ್ಕೆ ಒಳಗಾದವರು ಹಾಗೂ ಅಪ್ರಾಪ್ತೆಯರಂಥ ಕೆಲವರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶವಿದೆ. ಅದರಾಚೆಗೆ ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ತಾಯಿಯ ಪ್ರಾಣಕ್ಕೆ ಅಪಾಯವಿದ್ದರೆ ವೈದ್ಯರು ಕೂಡಲೇ ಮುಂದುವರಿಯಬಹುದು, ಆ ಮಾತಿಗೆ ನನ್ನ ವಿರೋಧವಿಲ್ಲ. ಉಳಿದುದರಲ್ಲಿ ಈ ಕಾಯ್ದೆ ಶಿಶುವನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲವೆಂಬುದು ನನ್ನ ನೋವು, ಮತ್ತು ಅದು ಬದಲಾಗಬೇಕೆಂಬುದು ನನ್ನ ದೃಢವಾದ ನಂಬಿಕೆ. ಅದನ್ನು ಬದಲಿಸಬಲ್ಲದ್ದು ಸಂಸತ್ತು, ಆದ್ದರಿಂದ ಈ ಪ್ರಶ್ನೆಯನ್ನು ಲೋಕಸಭಾ ಅಭ್ಯರ್ಥಿಗೆ ಕೇಳಬೇಕು. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯದ ವಿಷಯವಾದುದರಿಂದ ಹೆರಿಗೆ ಕೋಣೆ, ಆಂಬ್ಯುಲೆನ್ಸ್, ನರ್ಸುಗಳ ಪ್ರಶ್ನೆಯನ್ನು ಶಾಸಕರಿಗೆ ಕೇಳಬೇಕು. ಇಷ್ಟನ್ನು ತಿಳಿಸಲು ಹತ್ತು ನಿಮಿಷ ಸಾಕಾಗಿತ್ತು.

ಅದೇ ಉಪನ್ಯಾಸದ ಕೊನೆಗೆ, ಮುನ್ಸೂಚನೆ ಕೊಡದೆ, ಪರದೆಯ ಮೇಲೆ ಕೆಲವು ಚಿತ್ರಗಳನ್ನು ತೋರಿಸಿದರು. ಅವು ಎಂಥವೆಂದು ವರ್ಣಿಸಲಾರೆ. ನನ್ನ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೊರಗೆ ಹೋದಳು. ಸಂಘಟಕರಲ್ಲಿ ಒಬ್ಬರೂ ಅವಳ ಹಿಂದೆ ಹೋಗಲಿಲ್ಲ. ನಾನು ಹೋಗಿ ಬೇವಿನ ಮರದ ಕೆಳಗೆ ಅವಳ ಪಕ್ಕದಲ್ಲಿ ಕುಳಿತೆ. ಅವಳು ಹೇಳಿಕೊಂಡದ್ದು ಅವಳದು, ಅದನ್ನು ಬರೆಯುವುದಿಲ್ಲ. ಆದರೆ ಹುಟ್ಟದ ಕೂಸಿಗಾಗಿ ಕಣ್ಣೀರಿಡಿರೆಂದು ಕಲಿಸುವ ಸಭಾಂಗಣದಲ್ಲಿ, ತಾನಾಗಿಯೇ ಕಣ್ಣೀರಿಟ್ಟವಳಿಗೆ ಒಬ್ಬ ಆಪ್ತ ಸಲಹೆಗಾರ್ತಿಯನ್ನಾದರೂ ಇಡದಿದ್ದುದು ತಪ್ಪು, ದೊಡ್ಡ ತಪ್ಪು.

ಮೂರನೆಯ ದಿನ ಬೆಳಿಗ್ಗೆ ನಿವೃತ್ತ ನರ್ಸ್ ಒಬ್ಬರಿಗೆ ಒಂದೇ ಒಂದು ಗಂಟೆ ಕೊಟ್ಟಿದ್ದರು, ಮತ್ತು ಶಿಬಿರದಲ್ಲಿ ಮಾತನಾಡಿದ ಏಕೈಕ ಮಹಿಳೆ ಅವರೇ. ಪರದೆಯೂ ಇಲ್ಲ, ಮೈಕೂ ಇಲ್ಲ. ಕುರ್ಚಿಗಳನ್ನು ಸುತ್ತಲೂ ಹಾಕಿಸಿ, ಕೈಯಲ್ಲಿ ಒಂದು ಹಳೆಯ ತಾಯಿ ಕಾರ್ಡ್ ಹಿಡಿದು ಮಾತು ಆರಂಭಿಸಿದರು. ಹಳ್ಳಿಯ ಹೆಣ್ಣುಮಗಳು ಗರ್ಭ ಬೇಡವೆಂದು ಬಂದಾಗ ತಾವು ಮೊದಲು ಕೇಳುತ್ತಿದ್ದ ಪ್ರಶ್ನೆ "ಯಾಕವ್ವ, ಮನ್ಯಾಗ ಏನಾಗೇದ?" ಎಂಬುದಾಗಿತ್ತೆಂದರು. ಗಂಡ ಹೈದರಾಬಾದಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೋಗಿ ಆರು ತಿಂಗಳಾಗಿರುತ್ತದೆ, ಮೈಯಲ್ಲಿ ರಕ್ತವಿರುವುದಿಲ್ಲ, ಹದಿನೆಂಟು ತುಂಬದೆ ಮದುವೆಯಾಗಿರುತ್ತದೆ, ಇಲ್ಲವೇ ಮೊದಲ ಎರಡೂ ಹೆಣ್ಣಾಗಿರುತ್ತವೆ. ಕೊನೆಯ ಕಾರಣದ ಬಗ್ಗೆ ಅವರು ಹೆಚ್ಚು ಹೊತ್ತು ಮಾತನಾಡಿದರು. ಭ್ರೂಣದ ಲಿಂಗ ಪತ್ತೆಯನ್ನು 1994ರ ಕಾಯ್ದೆಯೇ ನಿಷೇಧಿಸಿದ್ದರೂ 2023ರಲ್ಲಿ ಮಂಡ್ಯದ ಕಡೆ ಹೆಣ್ಣು ಭ್ರೂಣ ಹತ್ಯೆಯ ಜಾಲವೊಂದು ಬೆಳಕಿಗೆ ಬಂದದ್ದನ್ನು ನೆನಪಿಸಿ, ಹುಟ್ಟದ ಹೆಣ್ಣುಕೂಸಿನ ಪರವಾಗಿ ಕಾನೂನೇ ನಿಂತಿರುವಾಗ ನಮ್ಮ ಸಭೆಗಳಲ್ಲಿ ಸೊಸೆಗೆ "ಈ ಸಲವಾದರೂ ಗಂಡಾಗಲಿ" ಎಂದು ಹರಸುವವರು ಯಾರೆಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ನಮ್ಮ ಮನೆಯಲ್ಲಿಯೂ ಆ ಹರಕೆ ನಾನು ಕೇಳಿದ್ದೇನೆ.

ಆ ಬಳಿಕ ಅವರು ಕೊಟ್ಟ ಮಾಹಿತಿ ನನ್ನ ನೋಟ್‌ಬುಕ್ಕಿನ ನಾಲ್ಕು ಪುಟ ತುಂಬಿದೆ. 2017ರಿಂದ ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ. ಮೊದಲ ಹೆರಿಗೆಗೆ ಕೇಂದ್ರದ ಮಾತೃ ವಂದನಾ ಯೋಜನೆಯ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಕೂಸನ್ನು ಸಾಕಲಾರೆನೆಂಬ ತಾಯಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು, ಮನಸ್ಸು ಬದಲಾದರೆ ಹಿಂದಕ್ಕೆ ಪಡೆಯಲು 2015ರ ಬಾಲನ್ಯಾಯ ಕಾಯ್ದೆ ಅವಳಿಗೆ ಎರಡು ತಿಂಗಳ ಅವಧಿ ಕೊಡುತ್ತದೆ, ದಾರಿ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಕ್ರೈಸ್ತ ದಂಪತಿಗಳು ಒಂದು ಕಾಲದಲ್ಲಿ 1890ರ ಕಾಯ್ದೆಯಡಿ ಮಗುವಿಗೆ ಪೋಷಕರಷ್ಟೇ ಆಗಬಹುದಿತ್ತೆಂದೂ, 2000ರ ಬಾಲನ್ಯಾಯ ಕಾಯ್ದೆ ಬಂದ ಮೇಲೆ ಪೂರ್ಣ ದತ್ತು ಪಡೆಯಲು ದಾರಿಯಾಯಿತೆಂದೂ ಅವರು ಹೇಳಿದಾಗ ನನ್ನ ಪಕ್ಕದಲ್ಲಿದ್ದ ನವದಂಪತಿಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಗಂಟೆ ಮುಗಿಯಿತೆಂದು ಹೊರಗೆ ಗಂಟೆ ಬಾರಿಸಿದರೂ ಒಬ್ಬರೂ ಏಳಲಿಲ್ಲ.

"ಸಮಾಜ" ಎಂಬ ಪುಟವನ್ನು ನಾನು ತುಂಬಿದ್ದು ಅಲ್ಲಿಯೇ ಕುಳಿತು. ಮುಂದಿನ ಲೋಕಸಭಾ ಚುನಾವಣೆಯಲ್ಲಿ ಮತ ಕೇಳಲು ಬಂದವರಿಗೆ 1971ರ ಕಾಯ್ದೆಯ ಬಗ್ಗೆ ಅವರ ನಿಲುವೇನೆಂದು ಕೇಳುತ್ತೇನೆ ಎಂದು ಒಂದು ಸಾಲು. ಅದಕ್ಕೂ ಮೊದಲು, ನಮ್ಮ ಓಣಿಯಲ್ಲಿ ಗಂಡಂದಿರು ವಲಸೆ ಹೋಗಿರುವ ಇಬ್ಬರು ಗರ್ಭಿಣಿಯರ ಮನೆಗೆ, ಅವರು ಯಾವ ಧರ್ಮದವರಾಗಿದ್ದರೂ, ಆಶಾ ಕಾರ್ಯಕರ್ತೆಯೊಂದಿಗೆ ವಾರಕ್ಕೊಮ್ಮೆ ಹೋಗುತ್ತೇನೆ ಎಂದು ಇನ್ನೊಂದು ಸಾಲು. ವಿಚಾರಿಸುವವರ ಜಾಗದಲ್ಲಿ ಆ ನರ್ಸಮ್ಮನ ಹೆಸರಿದೆ. ಅವರೇ ಪೆನ್ನು ತೆಗೆದುಕೊಂಡು ಬರೆದರು.

ಚಿತ್ರಗಳ ಬಗ್ಗೆ ಮತ್ತು ಕಾನೂನಿನ ಪಾಠದ ಬಗ್ಗೆ ಸಂಘಟಕರಿಗೆ ಪತ್ರ ಬರೆದಿದ್ದೆ. ಚಿತ್ರಗಳನ್ನು ಇನ್ನು ತೋರಿಸುವುದಿಲ್ಲವೆಂದು ಉತ್ತರ ಬಂದಿದೆ. ಉಪನ್ಯಾಸದ ಬಗ್ಗೆ ಏನೂ ಹೇಳಿಲ್ಲ. 700 ರೂಪಾಯಿಗೆ ಈ ಶಿಬಿರ ದುಬಾರಿಯಲ್ಲ, ಮುಂದಿನ ಜನವರಿಗೆ ನಮ್ಮ ಸಭೆಯಿಂದ ಮೂವರು ಹೆಸರು ಕೊಟ್ಟಿದ್ದಾರೆ. ಹೋಗುವವರು ದಪ್ಪನೆಯ ಕಂಬಳಿ ಒಯ್ಯಿರಿ, ಮತ್ತು ಹೆಸರು ನೋಂದಾಯಿಸುವಾಗಲೇ ನರ್ಸಮ್ಮನಿಗೆ ಒಂದು ಗಂಟೆಯ ಬದಲು ಒಂದು ಪೂರ್ತಿ ಬೆಳಗು ಕೊಡಿರೆಂದು ಬರೆದು ಕೇಳಿರಿ; ನಾವು ಮೂರು ಅರ್ಜಿಗಳಲ್ಲಿಯೂ ಹಾಗೆಯೇ ಬರೆದಿದ್ದೇವೆ.